ಅಜ್ಜಿಯ ಚಂದ್ರಕಾಳಿಗೆ ಕತ್ತರಿ ಹಚ್ಚೋ ಮುಂಚೆ

ಗೆಳೆಯನ ಅಕ್ಕನ ಮದುವೆ ಗೊತ್ತಾದಾಗ ಮಾಳಮಡ್ಡಿಯ ಅವರ ಮನೆಯ ಟ್ರಂಕಿನಿಂದ ಅಜ್ಜಿಯ ಮದುವೆ ಸೀರೆ ಹೊರಬಂತು. ಕಪ್ಪು ಇಳಕಲ್ ಸೀರೆ, ಮೇಲೆ ಕಸೂತಿ. ನಮ್ಮ ಕಡೆ ಮದುಮಗಳಿಗೆ ಕೊಡುತ್ತಿದ್ದ ಈ ಸೀರೆಗೆ ಚಂದ್ರಕಾಳಿ ಅಂತಾರೆ. ಬಿಚ್ಚಿ ನೋಡಿದರೆ ಮಡಿಕೆ ಇದ್ದಲ್ಲೆಲ್ಲ ಸೀಳಿತ್ತು. ಲೆಹೆಂಗಾ ಹೊಲಿಸೋಣ ಅಂದಳು ಅಕ್ಕ. ಅಜ್ಜಿದು ಒಂದೇ ಮಾತು: "ಕತ್ತರಿ ಆಮ್ಯಾಲೆ. ಮೊದಲ ಬೆಳಕಿಗೆ ಹಿಡದು ನೋಡ್ರಿ."

ಮಡಿಕೆಯಲ್ಲೇ ಯಾಕೆ ಸೀಳುತ್ತೆ? ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಬಾಗಿದ ಎಳೆ ಅಲ್ಲೇ ದಣಿಯುತ್ತೆ. ನಾವು ತಂತಿ ಬಗ್ಗಿಸಿ ಬಗ್ಗಿಸಿ ಮುರೀತೀವಲ್ಲ, ಹಾಗೇ. ಕಿಟಕಿಗೆ ಹಿಡಿದರೆ ಸವೆದ ಜಾಗ ಕಾಣುತ್ತೆ. ಆಮೇಲೆ ಬಣ್ಣದ ಪರೀಕ್ಷೆ: ಒದ್ದೆ ಹತ್ತಿಯನ್ನು ಒಳಮೂಲೆಗೆ ಒತ್ತಿ, ಬಣ್ಣ ಹತ್ತಿದರೆ ನೀರಿಗೆ ಹಾಕಲೇಬಾರದು. ಸೀಳಿದಲ್ಲಿ ಹಿಂದಿನಿಂದ ತೆಳು ಮಲ್ಮಲ್ ಕೊಟ್ಟು ಕೈಹೊಲಿಗೆ ಹಾಕಬೇಕು. ಇಸ್ತ್ರಿ ಮಾಡಿ ಅಂಟಿಸೋ ಬಟ್ಟೆ ಬೇಡ. ಹೊಲಿಗೆ ಬಿಚ್ಚಬಹುದು, ಅಂಟು ಬಿಡಿಸೋದು ಕಷ್ಟ.

ಕಸೂತಿ ರಿಪೇರಿ ಮಾತ್ರ ಲೆಕ್ಕದ ಕೆಲಸ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಬಟ್ಟೆ ಮೇಲೆ ಚಿತ್ರ ಬರೆಯೋದಿಲ್ಲ, ಎಳೆ ಎಣಿಸಿ ಸೂಜಿ ಹಾಕ್ತಾರೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಬರುತ್ತೆ, ಮರಳುವಾಗ ಉಳಿದ ಜಾಗ ತುಂಬುತ್ತೆ. ಪ್ರತಿ ಗೆರೆಯಲ್ಲೂ ಎರಡು ಸಲ ನಡೆದು ಶುರುವಾದಲ್ಲಿಗೇ ವಾಪಸ್! ಪ್ರತಿ ಗೆರೆಯನ್ನೂ ಎರಡು ಅಂತ ಎಣಿಸಿದರೆ ಗ್ರಾಫ್ ಥಿಯರಿ ಕ್ಲಾಸಿನ ಆಯ್ಲರ್ ಸರ್ಕ್ಯೂಟ್ ಇದೇ. ಅದಕ್ಕೇ ಗಂಟಿಲ್ಲದೆ ಎರಡೂ ಬದಿ ಒಂದೇ ಥರ ಕಾಣುತ್ತೆ. ಒಂದು ಎಳೆ ತಪ್ಪಿದರೂ ಗೋಪುರ ವಾಲುತ್ತೆ. ನಾವು ಮೂರು ಸಲ ಬಿಚ್ಚಿದೆವು.

ಸೀರೆಯ ಒಡಲು ಮಾತ್ರ ಉಡುವಷ್ಟು ಗಟ್ಟಿ ಇರಲಿಲ್ಲ. ಇಳಕಲ್‌ನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಸೇರಿಸ್ತಾರೆ. ಅಂದರೆ ಈ ಸೀರೆ ಹುಟ್ಟಿನಿಂದಲೇ ಜೋಡಣೆ. ಆ ಗಡಿ ನೋಡಿಕೊಂಡೇ ಅಜ್ಜಿ ಕತ್ತರಿ ಹಚ್ಚಲು ಒಪ್ಪಿದರು. ರೇಷ್ಮೆ ಸೆರಗು ಹೊಸ ಕಪ್ಪು ಒಡಲಿಗೆ ಕೂತಿತು. ಹಳೇ ಒಡಲಿನ ಗಟ್ಟಿ ತುಂಡು ಕುಪ್ಪಸಕ್ಕೆ ಸಾಕಾಯಿತು.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ ಪ್ಲಾಸ್ಟಿಕ್ ಕವರಿನಿಂದ ತೆಗೆಯಿರಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಆಗಾಗ ಮಡಿಕೆ ಬದಲಿಸಿ. ಸೆರಗಿನ ಬಿಳಿ ಪಟ್ಟೆಯಲ್ಲಿ ಒಂದು ಅರಿಶಿನದ ಕಲೆ ಇತ್ತು. ತೆಗೆಯೋಣವಾ ಅಂದೆವು. "ಅದು ನನ್ನ ಮದವಿದು, ಇರಲಿ ಬಿಡ್ರಿ" ಅಂದರು ಅಜ್ಜಿ.