ಒಂದು ಯೂನಿಟ್ಟಿಗೆ ಮೂರು ಕಿಲೋ ಹಬೆ

ಸೋಲೂರು ಸೀಮೆಯ ಅಡಿಕೆ ತೋಟವೊಂದರಲ್ಲಿ 7.5 ಎಚ್‌ಪಿ ಮೋಟಾರು ದಿನಕ್ಕೆ ಏಳು ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳೋಣ. ನೀರು 650 ಅಡಿ ಕೆಳಗಿದೆ. ಮೋಟಾರಿನ ದಕ್ಷತೆ ನೂರಕ್ಕೆ 80, ಪಂಪಿನದು 55 ಎಂದು ಹಿಡಿದರೆ ಖರ್ಚಾಗುವ ಕರೆಂಟು ಸುಮಾರು 49 ಯೂನಿಟ್, ಮೇಲೆ ಬರುವ ನೀರು ಹತ್ತಿರಹತ್ತಿರ 40,000 ಲೀಟರ್. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ರೈತನ ಕೈಗೆ ಬಿಲ್ಲು ಬರುವುದಿಲ್ಲ. ಆ ಬಾರದ ಬಿಲ್ಲನ್ನು ಕಲ್ಲಿದ್ದಲು, ಹಬೆ, ನೀರಿನ ಲೆಕ್ಕದಲ್ಲಿ ಬರೆದರೆ ಹೇಗಿರುತ್ತದೆ?

ಗ್ರಿಡ್ಡಿನಲ್ಲಿ ಶರಾವತಿಯ ಕರೆಂಟೂ ಪಾವಗಡದ ಬಿಸಿಲ ಕರೆಂಟೂ ಬೆರೆತಿರುತ್ತವೆ. ಆದರೂ ಲೆಕ್ಕಕ್ಕಾಗಿ ಅಷ್ಟೂ ಕೃಷ್ಣೆಯ ದಡದಲ್ಲಿರುವ ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ಸ್ಥಾವರದಿಂದಲೇ ಬಂತು ಎನ್ನೋಣ. 1985ರಲ್ಲಿ ಮೊದಲ ಘಟಕ ಶುರುವಾದ ಆ ಸ್ಥಾವರದಲ್ಲಿ 210 ಮೆಗಾವಾಟಿನ ಏಳು, 250 ಮೆಗಾವಾಟಿನ ಒಂದು, ಒಟ್ಟು 1,720 ಮೆಗಾವಾಟ್. ಸ್ಥಾವರ ತನ್ನ ಪಂಪು, ಫ್ಯಾನು, ಗಿರಣಿಗಳಿಗೇ ನೂರಕ್ಕೆ ಎಂಟೂವರೆಯಷ್ಟು ತಿನ್ನುತ್ತದೆ. ತಂತಿಯಲ್ಲಿ ನೂರಕ್ಕೆ 12 ಸೋರಿತು ಎಂದುಕೊಂಡರೆ, ಬೋರ್‌ವೆಲ್ಲಿಗೆ 49 ಯೂನಿಟ್ ತಲುಪಿಸಲು ಅಲ್ಲಿ 61 ಯೂನಿಟ್ ಹುಟ್ಟಬೇಕು.

ಹಳೆಯ 210 ಮೆಗಾವಾಟ್ ಘಟಕವೊಂದು ಯೂನಿಟ್ಟಿಗೆ 2,450 ಕಿಲೋಕ್ಯಾಲರಿ ಶಾಖ ಬೇಡುತ್ತದೆ ಎಂದು ಹಿಡಿಯಬಹುದು. ನಮ್ಮ ಬೂದಿಗಟ್ಟಿ ಕಲ್ಲಿದ್ದಲಿನ ಒಂದು ಕಿಲೋದಲ್ಲಿ 3,750 ಇದ್ದರೆ, ಯೂನಿಟ್ಟಿಗೆ 650 ಗ್ರಾಂ ಉರಿಯಬೇಕು. ತೋಟದ ಲೆಕ್ಕಕ್ಕೆ ದಿನಕ್ಕೆ 40 ಕಿಲೋ. ಟನ್ನಿಗೆ 5,000 ರೂಪಾಯಿಯಾದರೆ ಕಲ್ಲಿದ್ದಲಿನ ಬಾಬತ್ತೇ 200 ರೂಪಾಯಿ. ಸಾಲ, ಸಂಬಳ, ತಂತಿ, ಟ್ರಾನ್ಸ್‌ಫಾರ್ಮರುಗಳ ಖರ್ಚು ಬೇರೆ.

ಈ 650 ಗ್ರಾಂ ಉರಿದು ಮಾಡುವ ಕೆಲಸವೆಂದರೆ 3.1 ಕಿಲೋ ನೀರನ್ನು ಹಬೆ ಮಾಡುವುದು. ಇಡೀ ಘಟಕಕ್ಕೆ ಗಂಟೆಗೆ 650 ಟನ್ ಹಬೆ. ಸುಮಾರು 535 ಡಿಗ್ರಿ ಕಾವು, ವಾತಾವರಣದ 130ರಿಂದ 150 ಪಟ್ಟು ಒತ್ತಡದಲ್ಲಿ ಅದು ಟರ್ಬೈನಿಗೆ ನುಗ್ಗುತ್ತದೆ. ಮೊದಲ ಸಿಲಿಂಡರಿನಲ್ಲಿ ದುಡಿದು ತಣಿದ ಹಬೆ ಬಾಯ್ಲರಿಗೆ ಹಿಂದಿರುಗಿ ಮತ್ತೆ 535 ಡಿಗ್ರಿಗೆ ಕಾದು ಬಂದು ಉಳಿದ ಸಿಲಿಂಡರುಗಳನ್ನು ದಾಟುತ್ತದೆ. ದಂಡ ನಿಮಿಷಕ್ಕೆ 3,000 ಸುತ್ತು. ಕೊನೆಗೆ ಹಬೆ ಕಂಡೆನ್ಸರಿಗೆ ಇಳಿಯುವಾಗ ಕಾವು 46 ಡಿಗ್ರಿ, ಒತ್ತಡ ವಾತಾವರಣದ ಹತ್ತನೇ ಒಂದು ಪಾಲು. ಅಲ್ಲಿ ನೀರಾಗಿ ಮತ್ತೆ ಬಾಯ್ಲರಿನ ದಾರಿ ಹಿಡಿಯುತ್ತದೆ.

ಅಷ್ಟು ಕಷ್ಟಪಟ್ಟು ಹಬೆ ಮಾಡಿದ್ದನ್ನು ಮತ್ತೆ ನೀರು ಮಾಡುವುದೇಕೆ, ಹಾಗೆಯೇ ಬಾಯ್ಲರಿಗೆ ಒತ್ತಿಬಿಡಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕಂಡೆನ್ಸರಿನ ಆ ಒತ್ತಡದಲ್ಲಿ ಒಂದು ಕಿಲೋ ಹಬೆಗೆ 14,000 ಲೀಟರಿಗೂ ಮಿಗಿಲಾದ ಜಾಗ ಬೇಕು, ನೀರಾದರೆ ಒಂದೇ ಲೀಟರ್. ಆ ಹಬೆಯನ್ನು ವಾತಾವರಣದ 150 ಪಟ್ಟಿಗೆ ಅದುಮಲು ಹೊರಟರೆ ಟರ್ಬೈನು ದುಡಿದದ್ದೆಲ್ಲ ಅದಕ್ಕೇ ಸಾಲದು. ನೀರನ್ನು ಒತ್ತಲು ಮಾತ್ರ 4 ಮೆಗಾವಾಟಿನ ಎರಡು ಫೀಡ್ ಪಂಪುಗಳು ಸಾಕು. 210ರಲ್ಲಿ ಏಳೆಂಟು ಮೆಗಾವಾಟಿನ ಖರ್ಚು. ನೀರು ಹಬೆಯಾಗಿ ಮತ್ತೆ ನೀರಾಗುವ ಈ ಉಗಿಚಕ್ರ ಲಾಭದಲ್ಲಿ ನಡೆಯುವುದು ಇದರಿಂದ.

ಈ ಅನುಕೂಲಕ್ಕೆ ತೆರುವ ಬೆಲೆ ಮಾತ್ರ ದೊಡ್ಡದು. 2,450 ಕಿಲೋಕ್ಯಾಲರಿಯಲ್ಲಿ 340ರಷ್ಟು ಬಾಯ್ಲರಿನಲ್ಲೇ ನಷ್ಟ, ಹೆಚ್ಚಿನದು ಚಿಮಣಿಯ ಮೂಲಕ. ಕರೆಂಟಾಗುವುದು 860. ಉಳಿದ 1,250ರಲ್ಲಿ ಬಹುಪಾಲು ಕಂಡೆನ್ಸರಿನಿಂದ ಕೂಲಿಂಗ್ ಟವರಿಗೆ, ಅಲ್ಲಿಂದ ಗಾಳಿಗೆ. ಸುಟ್ಟ ಕಲ್ಲಿದ್ದಲಿನ ಅರ್ಧ ಶಾಖ ಆ ದಪ್ಪ ಗೋಪುರಗಳ ಬಾಯಿಂದ ಹೋಗುತ್ತದೆ. ಜನ ಎತ್ತರದ ಚಿಮಣಿಯನ್ನು ನೋಡಿ ಬೈಯುತ್ತಾರೆ. ಹೊಗೆಯ ವಿಷಯದಲ್ಲಿ ಅದು ಸರಿ, ಶಾಖದ ವಿಷಯದಲ್ಲಿ ಕಣ್ಣು ಪಕ್ಕದ ಗೋಪುರದ ಮೇಲೆ ಇರಬೇಕು.

ಘಟಕ ನಡೆಸುವವರ ರೂಢಿಯ ಲೆಕ್ಕವೊಂದಿದೆ: ಕಂಡೆನ್ಸರಿನ ನಿರ್ವಾತ ಪಾದರಸದ 10 ಮಿಲಿಮೀಟರಿನಷ್ಟು ಕೆಟ್ಟರೆ ಯೂನಿಟ್ಟಿಗೆ 20 ಕಿಲೋಕ್ಯಾಲರಿ ಹೆಚ್ಚು ಬೇಕು. ಕೊಳವೆಯೊಳಗೆ ಪಾಚಿ ಕಟ್ಟಿದರೂ ಎಲ್ಲೋ ಗಾಳಿ ನುಸುಳಿದರೂ ಇಷ್ಟಾಗುತ್ತದೆ. ಯೂನಿಟ್ಟಿಗೆ ಐದೇ ಗ್ರಾಂ ಕಲ್ಲಿದ್ದಲು, ಆದರೆ 210 ಮೆಗಾವಾಟ್ ಘಟಕ ಪೂರ್ತಿ ಓಡಿದರೆ ದಿನಕ್ಕೆ 50.4 ಲಕ್ಷ ಯೂನಿಟ್. ಹೆಚ್ಚುವರಿ 27 ಟನ್, 1.35 ಲಕ್ಷ ರೂಪಾಯಿ. ರಾಯಚೂರಿನ ಬೇಸಿಗೆಯಲ್ಲಿ ತಣ್ಣೀರೇ ಬೆಚ್ಚಗಿರುವಾಗ ಈ ನಷ್ಟವನ್ನು ಯಾರೂ ಪೂರ್ತಿ ತಪ್ಪಿಸಲಾರರು.

ಕಂಡೆನ್ಸರನ್ನು ತಣಿಸಲು ಗಂಟೆಗೆ ಸುಮಾರು 27,000 ಘನ ಮೀಟರ್ ನೀರು ಸುತ್ತಬೇಕು, ಯೂನಿಟ್ಟಿಗೆ 128 ಲೀಟರಿನಂತೆ. ಇದರಲ್ಲಿ ಬಹುಪಾಲು ಮರಳಿ ಬರುತ್ತದೆ, ಎರಡು ಲೀಟರಿನಷ್ಟು ಆವಿಯಾಗಿ ಹೋಗುತ್ತದೆ. ಉಪ್ಪು ಗಟ್ಟಿಯಾಗದಂತೆ ಹೊರಬಿಡುವ ನೀರು, ಬೂದಿಗೆ, ಇತರ ಕೆಲಸಕ್ಕೆ ಹೋಗುವ ನೀರು ಎಲ್ಲ ಸೇರಿಸಿ, ಕೂಲಿಂಗ್ ಟವರ್ ಇರುವ ಹಳೆಯ ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಯೂನಿಟ್ಟಿಗೆ 3.5 ಲೀಟರಿನ ಮಿತಿ ಹಾಕಿತು. ಆ ಮಿತಿಯಲ್ಲಿ ನಮ್ಮ ತೋಟದ ಪಾಲು ದಿನಕ್ಕೆ 213 ಲೀಟರ್ ಕೃಷ್ಣೆಯ ನೀರು. ನೆಲದಿಂದ ಎತ್ತಿದ 40,000 ಲೀಟರಿನ ಮುಂದೆ ಅರ್ಧ ಪರ್ಸೆಂಟು. ನೀರಿಗಾಗಿ ನೀರು ಖರ್ಚು ಎಂದು ಗಾಬರಿಯಾಗುವಷ್ಟು ದೊಡ್ಡ ಅಂಕಿಯಲ್ಲ.

ಅದೇ ಘಟಕವನ್ನು ತಂದು ಸೋಲೂರಿನಲ್ಲೇ ನಿಲ್ಲಿಸಿದರೆ ಚಿತ್ರ ಬದಲಾಗುತ್ತದೆ. ಒಂದೇ ಒಂದು 210 ಮೆಗಾವಾಟಿಗೆ ದಿನಕ್ಕೆ 1.76 ಕೋಟಿ ಲೀಟರ್. ಜಲಜೀವನ್ ಮಿಷನ್ ತಲೆಗೆ 55 ಲೀಟರ್ ಲೆಕ್ಕ ಹಾಕುತ್ತದೆ. ಅದರಂತೆ ಇದು 3.2 ಲಕ್ಷ ಜನರ ನೀರು. 2011ರ ಜನಗಣತಿಯಲ್ಲಿ ಸೋಲೂರೂ ಸೇರಿದಂತೆ ಇಡೀ ಮಾಗಡಿ ತಾಲ್ಲೂಕಿನ ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಶಿವಗಂಗೆಯಲ್ಲಿ ಹುಟ್ಟಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಸೇರುವ ಈ ಸೀಮೆಯ ಕುಮುದ್ವತಿ ಮಳೆಯನ್ನು ನಂಬಿದ ಹೊಳೆ. ಅದರ ಮೇಲೆ ಈ ಹೊರೆ ಹೇರುವಂತಿಲ್ಲ. ಇನ್ನು ಬೆಂಗಳೂರು-ಹಾಸನ ರೈಲು ಹಳಿಯ ಮೇಲೆ ದಿನಕ್ಕೆ 3,300 ಟನ್ ಕಲ್ಲಿದ್ದಲು, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಗೂಡ್ಸ್ ರೈಲಿನಷ್ಟು, ಬಂದಿಳಿಯಬೇಕು. ಬೂದಿ ನೂರಕ್ಕೆ 34 ಇದ್ದರೆ 1,100 ಟನ್ ಬೂದಿಗೆ ದಿನಾ ಜಾಗ ಹುಡುಕಬೇಕು. ಹೀಗಾಗಿ ಕಲ್ಲಿದ್ದಲು, ಬೂದಿ ಎರಡೂ ಕೃಷ್ಣೆಯ ದಡದಲ್ಲಿ ಉಳಿದು, ನೆಲಮಂಗಲದ 400 ಕೆವಿ ಕೇಂದ್ರಕ್ಕೆ ಕರೆಂಟು ಮಾತ್ರ ಬರುತ್ತದೆ.

ಕಡಿಮೆ ಸುಡುವ ದಾರಿ ಇಲ್ಲವೇ? ಇದೆ. ವಾತಾವರಣದ 218 ಪಟ್ಟು ಒತ್ತಡ, 374 ಡಿಗ್ರಿ ದಾಟಿದರೆ ನೀರಿಗೂ ಹಬೆಗೂ ನಡುವಿನ ಗೆರೆಯೇ ಅಳಿಯುತ್ತದೆ. ರಾಯಚೂರಿನ ಬಳಿಯ ಯರಮರಸ್ ಸ್ಥಾವರದ 800 ಮೆಗಾವಾಟಿನ ಎರಡು ಘಟಕಗಳು ಆ ಗೆರೆಯಾಚೆ ದುಡಿಯುವಂಥವು. ಯೂನಿಟ್ಟಿಗೆ 2,200 ಕಿಲೋಕ್ಯಾಲರಿ ಎಂದು ಹಿಡಿದರೆ 650 ಗ್ರಾಂ ಬದಲು ಸುಮಾರು 585 ಗ್ರಾಂ. ಪೂರ್ತಿ ಹೊರೆಯಲ್ಲಿ ದಿನಕ್ಕೆ 2,500 ಟನ್ ಉಳಿತಾಯ, ಮೇಲಿನ ದರದಲ್ಲಿ 1.25 ಕೋಟಿ ರೂಪಾಯಿ. ಹಗಲು ಸೌರ ವಿದ್ಯುತ್ ಹರಿದುಬಂದು ಘಟಕ ಅರ್ಧ ಹೊರೆಗೆ ಇಳಿದಾಗ ಇದರಲ್ಲಿ ಒಂದಷ್ಟು ಕರಗುತ್ತದೆ. ಯಲಹಂಕದ 370 ಮೆಗಾವಾಟ್ ಸ್ಥಾವರದ್ದು ಇನ್ನೊಂದು ಉಪಾಯ: ಅನಿಲ ಟರ್ಬೈನು 237 ಮೆಗಾವಾಟ್ ಕೊಟ್ಟು ಉಗುಳುವ ಬಿಸಿ ಹೊಗೆಯಲ್ಲೇ ಹಬೆ ಮಾಡಿ, ಮೇಲಿಂದ 133 ಮೆಗಾವಾಟ್. ಅಲ್ಲಿ ತಂತ್ರ ಸೊಗಸು, ಅನಿಲದ ಬೆಲೆ ತಲೆನೋವು.

ರಾಮನಗರ ಸೀಮೆಯೊಳಗೇ ಉಗಿಚಕ್ರ ನೋಡಬೇಕೆಂದರೆ ಬಿಡದಿಗೆ ಹೋಗಬೇಕು. ಕರ್ನಾಟಕ ವಿದ್ಯುತ್ ನಿಗಮವು ಬಿಬಿಎಂಪಿ ಜೊತೆಗೂಡಿ ಕಟ್ಟಿದ ಅಲ್ಲಿನ ಸ್ಥಾವರದ ಸಾಮರ್ಥ್ಯ 11.5 ಮೆಗಾವಾಟ್, ಉರುವಲು ದಿನಕ್ಕೆ 600 ಟನ್ ಬೆಂಗಳೂರಿನ ಕಸ. ಪೂರ್ತಿ ಓಡಿದರೆ ದಿನಕ್ಕೆ 2.76 ಲಕ್ಷ ಯೂನಿಟ್, ಟನ್ ಕಸಕ್ಕೆ 460. ಅಂದರೆ ಯೂನಿಟ್ಟಿಗೆ 2.2 ಕಿಲೋ ಕಸ, ಕಲ್ಲಿದ್ದಲಿನ ಮೂರು ಪಟ್ಟಿಗೂ ಹೆಚ್ಚು. ಕಸದೊಳಗಿನ ಪ್ಲಾಸ್ಟಿಕ್ಕು ಉರಿದಾಗ ಹುಟ್ಟುವ ಆಮ್ಲ ಕೊಳವೆಗಳನ್ನು ತಿನ್ನುತ್ತದೆ. ಆದ್ದರಿಂದ ಕಸದ ಬಾಯ್ಲರುಗಳಲ್ಲಿ ಸಾಮಾನ್ಯವಾಗಿ ಹಬೆಯನ್ನು 400 ಡಿಗ್ರಿಯ ಆಚೀಚೆ ನಿಲ್ಲಿಸುತ್ತಾರೆ. ಕಾವು ಇಳಿದಷ್ಟೂ ಕರೆಂಟಿನ ಪಾಲು ಇಳಿಯುತ್ತದೆ. ಅದಕ್ಕಿಂತ ದೊಡ್ಡ ಶತ್ರು ಹಸಿ. ಕಸದಲ್ಲಿರುವ ಒಂದು ಕಿಲೋ ನೀರು ಆವಿಯಾಗಲು 600 ಕಿಲೋಕ್ಯಾಲರಿಗೂ ಹೆಚ್ಚು ನುಂಗುತ್ತದೆ, ಒಂದು ಪೈಸೆಯ ಕರೆಂಟೂ ಕೊಡದೆ ಚಿಮಣಿಯಿಂದ ಹೊರಬೀಳುತ್ತದೆ. ಟನ್ ಕಸದಲ್ಲಿ 100 ಕಿಲೋ ನೀರು ಕಡಿಮೆ ಬಂದರೆ, ನೂರಕ್ಕೆ 20ರ ದಕ್ಷತೆಯಲ್ಲೂ 14 ಯೂನಿಟ್ ಮಿಗುತ್ತದೆ. 600 ಟನ್ನಿಗೆ ದಿನಕ್ಕೆ 8,400 ಯೂನಿಟ್. ಇದನ್ನು ಬಿಡದಿಯ ಎಂಜಿನಿಯರುಗಳಿಗಿಂತ ಮೊದಲು ದುಡಿಯಬೇಕಾದವರು ಹಸಿಕಸ, ಒಣಕಸ ಬೇರೆ ಮಾಡಬೇಕಾದ ಬೆಂಗಳೂರಿನ ಮನೆಗಳವರು.