ಕುಂತ ಪಾಟಾ ಎಬ್ಬಿಸುವ ಕೆಲಸ

ಕೊಟ್ಟೂರಿನ ಎಪಿಎಂಸಿಯಲ್ಲಿ ಮೆಕ್ಕೆಜೋಳ ಇಳಿಸಿ ಖಾಲಿಯಾದ ಲಾರಿಯ ವಯಸ್ಸು ತಿಳಿಯಲು ಆರ್‌ಸಿ ಪುಸ್ತಕ ಬೇಕಿಲ್ಲ, ಹಿಂದೆ ನಿಂತು ನೋಡಿದರೆ ಸಾಕು. ಭಾರ ಇಳಿದರೂ ಮೈ ಮೇಲೇಳುವುದಿಲ್ಲ. ಬಾಡಿ ಒಂದು ಮಗ್ಗುಲಿಗೆ ವಾಲಿರುತ್ತದೆ. ಬಿಲ್ಲಿನಂತೆ ಬಾಗಿರಬೇಕಾದ ಪಟ್ಟಿಗಳು ಚಪ್ಪಟೆಯಾಗಿರುತ್ತವೆ. ‘ಪಾಟಾ ಕುಂತೈತಿ’ ಎಂದು ಗ್ಯಾರೇಜಿನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ತುಂಗಭದ್ರೆಯ ಮರಳು ಎಂದು ಇಲ್ಲಿ ಹಳೆಯ ಗಾಡಿಗೂ ಬಾಡಿಗೆ ಸಿಗುತ್ತದೆ. ಸಂಡೂರಿನ ಅದಿರಿಗೆ ಚೀನಾದಲ್ಲಿ ಬೇಡಿಕೆ ಏರಿದ್ದ ವರ್ಷಗಳಲ್ಲಿ ಸಾಲ ಮಾಡಿ ಲಾರಿ ಕೊಂಡವರು ಈ ಸೀಮೆಯಲ್ಲಿ ಬಹಳ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅಂಥ ಲಾರಿಗಳು ರಾತ್ರೋರಾತ್ರಿ ಕೆಲಸ ಕಳೆದುಕೊಂಡವು. ಅದಿರಿನ ದಿನಗಳ ಓವರ್‌ಲೋಡು ಎಂಜಿನ್‌ಗಿಂತ ಮೊದಲು ಹಣ್ಣು ಮಾಡಿದ್ದು ಪಾಟಾಗಳನ್ನು.

ಪಾಟಾ ಕಟ್ಟು ಎಂದರೆ ಒಂದರ ಕೆಳಗೊಂದು ಜೋಡಿಸಿದ ಸ್ಪ್ರಿಂಗ್ ಉಕ್ಕಿನ ಪಟ್ಟಿಗಳು. ಎಲ್ಲಕ್ಕಿಂತ ಉದ್ದದ್ದು ಮೇನ್ ಪಾಟಾ. ಅದರ ತುದಿಗಳನ್ನು ಸುರುಳಿ ಸುತ್ತಿ ಬುಷ್, ಪಿನ್ ಕೂರಿಸಿರುತ್ತಾರೆ. ಕೆಳಗೆ ಹೋದಂತೆ ಪಟ್ಟಿ ಗಿಡ್ಡವಾಗುತ್ತದೆ, ಬಾಗು ಹೆಚ್ಚುತ್ತದೆ. ಹಾಗಾಗಿ ಬಿಚ್ಚಿ ಜೋಡಿಸಿಟ್ಟರೆ ಪಟ್ಟಿಗಳ ನಡುವೆ ಸಣ್ಣ ಸಂದು ಕಾಣುತ್ತದೆ. ಸೆಂಟರ್ ಬೋಲ್ಟ್ ಬಿಗಿದಾಗ ಆ ಸಂದು ಮುಚ್ಚಿ, ಮೇನ್ ಪಾಟಾದ ಹೊರೆಯಲ್ಲಿ ಒಂದಷ್ಟನ್ನು ಕೆಳಗಿನವು ಹೊರುತ್ತವೆ. ಕಸುಬುದಾರನ ಕೈಗುಣವೆಲ್ಲ ಈ ಸಂದಿನ ಲೆಕ್ಕದಲ್ಲಿದೆ.

ಬಿಚ್ಚುವುದೂ ಹುಡುಗಾಟದ ಕೆಲಸವಲ್ಲ. ಚಾಸಿಯನ್ನು ಜಾಕಿಯಿಂದ ಎತ್ತಿ ದಪ್ಪ ಮರದ ದಿಮ್ಮಿಗಳ ಮೇಲೆ ಕೂರಿಸಬೇಕು; ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬಾರದು. ಕಟ್ಟನ್ನು ಆಕ್ಸಲ್‌ಗೆ ಬಿಗಿದಿರುವ ಯು ಬೋಲ್ಟ್ ತುಕ್ಕು ಹಿಡಿದು ಸ್ಪ್ಯಾನರಿಗೆ ಬಗ್ಗದಿದ್ದರೆ ಗ್ಯಾಸ್ ಕಟರ್ ಬರುತ್ತದೆ. ಸೆಂಟರ್ ಬೋಲ್ಟ್ ಸಡಿಲಿಸುವ ಮುನ್ನ ಕಟ್ಟಿಗೆ ಕ್ಲಾಂಪ್ ಹಾಕದಿದ್ದರೆ ಪಟ್ಟಿಗಳು ಸಿಡಿದು ಮುಖಕ್ಕೆ ಬಡಿಯಬಹುದು. ಆಮೇಲೆ ಒಂದೊಂದನ್ನೂ ಉಜ್ಜಿ, ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿ ನೋಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗಿನ ಎಣ್ಣೆ ಹೊರಗೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಹೆಚ್ಚಾಗಿ ಸೆಂಟರ್ ಬೋಲ್ಟ್ ತೂತಿನ ಪಕ್ಕದಲ್ಲೇ ಆ ಗೆರೆ. ಬಿರುಕು ಬಿಟ್ಟ ಪಟ್ಟಿಗೆ ವೆಲ್ಡಿಂಗ್ ಮದ್ದಲ್ಲ. ಅದು ಕಂಬಾರನ ಕುಲುಮೆಗೆ ಹೋಗಿ ಮಚ್ಚೋ ಕುಡುಗೋಲೋ ಆಗುವುದೇ ಲೇಸು. ನಮ್ಮ ಹಳ್ಳಿಗಳ ಎಷ್ಟೋ ಕುಡುಗೋಲುಗಳು ಹಿಂದೊಮ್ಮೆ ಲಾರಿಯ ಅಡಿಯಲ್ಲಿದ್ದವೇ.

ಗಟ್ಟಿ ಪಟ್ಟಿಗೆ ಮತ್ತೆ ಬಾಗು ಕೊಡಬಹುದು. ಆದರೆ ಕೆಂಪಗೆ ಕಾಯಿಸಿ, ಬಡಿದು, ಹಾಗೇ ಆರಲು ಬಿಟ್ಟರೆ ಉಕ್ಕು ಮೆತ್ತಗಾಗಿ ನಾಲ್ಕು ಲೋಡಿಗೆ ಮತ್ತೆ ಕೂರುತ್ತದೆ. ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಅಷ್ಟಕ್ಕೇ ಬಿಟ್ಟರೆ ಗಾಜಿನ ಹಾಗೆ ಒಡೆಯುತ್ತದೆ. 450–500 ಡಿಗ್ರಿಯಲ್ಲಿ ಇನ್ನೊಮ್ಮೆ ಹದ ಮಾಡಬೇಕು. ಈ ಎರಡನೆಯ ಕಾವಿಗೆ ತಾಳ್ಮೆ, ಸಲಕರಣೆ ಇಲ್ಲದ ಕಡೆ ಹೊಸ ಕಟ್ಟು ಹಾಕಿಸುವುದೇ ಅಗ್ಗ. ಅದೂ ಎರಡೂ ಮಗ್ಗುಲಿಗೆ. ಒಂದೇ ಕಡೆ ಬದಲಿಸಿದರೆ ವಾಲುವ ದಿಕ್ಕು ಬದಲಾದೀತು, ವಾಲುವುದು ನಿಲ್ಲದು.

ಮಾಲೀಕರಿಗೆ ಇನ್ನೊಂದು ಆಸೆ: ಹೇಗೂ ಬಿಚ್ಚಿದೆ, ಎರಡು ಪಾಟಾ ಜಾಸ್ತಿ, ಇಲ್ಲವೇ ದಪ್ಪದ್ದು ಹಾಕಿ ಗಾಡಿ ಎತ್ತರಿಸೋಣ ಎಂದು. ಪಟ್ಟಿ ಹೆಚ್ಚಿದಷ್ಟೂ ಕಟ್ಟು ಬಿಗಿಯಾಗುತ್ತದೆ; ಒಂದೊಂದು ಪಟ್ಟಿಯ ಬಿಗುವಂತೂ ಅದರ ದಪ್ಪದ ಮೂರನೇ ಘಾತದಲ್ಲಿ ಏರುತ್ತದೆ. ದಪ್ಪ ಹತ್ತನೇ ಒಂದು ಭಾಗ ಹೆಚ್ಚಿದರೆ ಬಿಗುವು ಮೂರನೇ ಒಂದರಷ್ಟು ಹೆಚ್ಚು. ಖಾಲಿ ಗಾಡಿ ಕುಪ್ಪಳಿಸುತ್ತದೆ, ಪಾಟಾ ತಿನ್ನಬೇಕಾದ ಏಟನ್ನು ಚಾಸಿ ತಿನ್ನುತ್ತದೆ. ಎತ್ತರವಾದಂತೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟು ಜಾಯಿಂಟ್ ಕ್ರಾಸ್ ಸವೆಯುತ್ತದೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕ್ ಹೊಂದಿಸುವ ವಾಲ್ವ್ ಇರುವ ಗಾಡಿಯಲ್ಲಂತೂ ಅಪಾಯ ಇನ್ನೂ ದೊಡ್ಡದು. ಆ ವಾಲ್ವ್ ಭಾರ ಅಳೆಯುವುದು ಚಾಸಿಗೂ ಆಕ್ಸಲ್‌ಗೂ ಇರುವ ಅಂತರದಿಂದ. ಎತ್ತರಿಸಿದ ಗಾಡಿ ತುಂಬಿದ್ದರೂ ಅದಕ್ಕೆ ಖಾಲಿಯೆಂದೇ ಲೆಕ್ಕ. ಬ್ರೇಕ್ ಕಡಿಮೆ ಹಿಡಿಯುತ್ತದೆ.

ಕಾನೂನೂ ಒಪ್ಪುವುದಿಲ್ಲ. ಅಳತೆಗೆ ಸರಿಯಾದ ಹೊಸ ಪಾಟಾ ಹಾಕಿಸುವುದು ರಿಪೇರಿ. ತಯಾರಕರ ಅಳತೆ ಮೀರಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಪಾಟಾ ಹೆಚ್ಚಿಸಿದ ಮಾತ್ರಕ್ಕೆ ಲೋಡಿನ ಮಿತಿ ಹೆಚ್ಚದು. 2019ರ ತಿದ್ದುಪಡಿಯ ಪ್ರಕಾರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಹಳೆಯ ಲಾರಿಯನ್ನು ಕಂಪನಿ ಕೊಟ್ಟ ಎತ್ತರಕ್ಕೆ ತಂದರೆ ಸಾಕು, ಅದಕ್ಕಿಂತ ಮೇಲೆ ಒಂದಿಂಚೂ ಬೇಡ.

ಪಾಟಾ ಕೆಲಸ ಮಾಡಿಸಿದವರು ಹೊಸ ಯು ಬೋಲ್ಟನ್ನೇ ಹಾಕಿಸಿ, ಮೊದಲ ಲೋಡು ಇಳಿಸಿದ ಕೂಡಲೇ ಅದೇ ಗ್ಯಾರೇಜಿಗೆ ಹೋಗಿ ಇನ್ನೊಮ್ಮೆ ಬಿಗಿಸಿಕೊಳ್ಳಿ. ಯು ಬೋಲ್ಟ್ ಸಡಿಲಾದರೆ ಮೊದಲು ತುಂಡಾಗುವುದು ಸೆಂಟರ್ ಬೋಲ್ಟ್. ಅದು ಹೋದರೆ ಆಕ್ಸಲ್ ಜಾಗ ಬಿಟ್ಟು ಸರಿಯುತ್ತದೆ.