ಕಾಶಿಯ ಬೀಜಗಣಿತ ಪರಂಪರೆ ಮತ್ತು ಉತ್ಪನ್ನದ ವ್ಯಾಪ್ತಿ

ಕಾಶಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ವಿಶ್ವನಾಥ, ಗಂಗೆಯ ಘಾಟುಗಳು, ಜಂಗಮವಾಡಿ ಮಠ. ಆದರೆ ಕಾಶಿಯು ಗಣಿತದ ನೆಲೆಯೂ ಹೌದು. 1791ರಲ್ಲಿ ಸ್ಥಾಪಿತವಾದ ಅಲ್ಲಿನ ಸಂಸ್ಕೃತ ಕಾಲೇಜಿನಲ್ಲಿ (ಇಂದಿನ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯ) ಬೋಧಿಸಿದ ಬಾಪೂದೇವ ಶಾಸ್ತ್ರಿ ಹಾಗೂ ಸುಧಾಕರ ದ್ವಿವೇದಿ (1855-1910) ಅವರು ಪ್ರಾಚೀನ ಗಣಿತಗ್ರಂಥಗಳನ್ನು ಸಂಪಾದಿಸಿ ಅಚ್ಚಿಗೆ ತಂದರು. ವರ್ಗಸಮೀಕರಣವನ್ನು ಬಿಡಿಸುವ ಶ್ರೀಧರಾಚಾರ್ಯರ ಸೂತ್ರ ಇಂದಿಗೂ ಉಳಿದಿರುವುದು ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ'ದಲ್ಲಿ ಅದನ್ನು ಉದ್ಧರಿಸಿದ್ದರಿಂದ. ಪದವಿಪೂರ್ವ ವಿದ್ಯಾರ್ಥಿಗಳನ್ನು ಕಾಡುವ ಒಂದು ಪ್ರಶ್ನೆಗೆ ಆ ಸೂತ್ರವೇ ಕೀಲಿಕೈ.

ಭಾಗಲಬ್ಧ ಉತ್ಪನ್ನವೆಂದರೆ ಅಂಶ, ಛೇದಗಳೆರಡೂ ಬಹುಪದಗಳಾಗಿರುವ ಭಿನ್ನರಾಶಿ. ಅದು ಪಡೆಯಬಲ್ಲ ಬೆಲೆಗಳ ಸಮೂಹವೇ ಅದರ ವ್ಯಾಪ್ತಿ. ಪ್ರಾಚೀನರಂತೆ ಅವ್ಯಕ್ತಗಳನ್ನು 'ಯಾ' (ಯಾವತ್ತಾವತ್) ಮತ್ತು 'ಕಾ' (ಕಾಲಕ) ಎಂದು ಕರೆಯೋಣ.

ಕಾ = (ಯಾ² + ಯಾ + 1) / (ಯಾ² − ಯಾ + 1)

ಇಲ್ಲಿ ಛೇದವು ಎಂದೂ ಸೊನ್ನೆಯಾಗದು. ಅದು (ಯಾ − 1/2)² + 3/4 ಕ್ಕೆ ಸಮ. ಅಡ್ಡಗುಣಾಕಾರ ಮಾಡಿದರೆ:

(ಕಾ − 1)ಯಾ² − (ಕಾ + 1)ಯಾ + (ಕಾ − 1) = 0

ಈಗ ಪ್ರಶ್ನೆ ತಿರುವುಮುರುವಾಯಿತು: ಯಾವ 'ಕಾ'ಗೆ 'ಯಾ' ದೊರೆಯುತ್ತದೆ? ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಹೇಳಿದ್ದಾರೆ. ವಾಸ್ತವ ಸಂಖ್ಯೆಗಳ ಮಟ್ಟಿಗೆ ಈ ಮಾತೇ ವ್ಯಾಪ್ತಿಯ ಎಲ್ಲೆಯನ್ನು ಗೊತ್ತುಮಾಡುತ್ತದೆ. ಆದ್ದರಿಂದ ಶೋಧಕವು ಋಣವಾಗಬಾರದು:

(ಕಾ + 1)² − 4(ಕಾ − 1)² ≥ 0
ಅಂದರೆ, (3 − ಕಾ)(3ಕಾ − 1) ≥ 0

ಹೀಗಾಗಿ ವ್ಯಾಪ್ತಿಯು 1/3 ರಿಂದ 3 ರವರೆಗೆ, ಎರಡು ತುದಿಗಳೂ ಸೇರಿ. ಯಾ = −1 ಆದಾಗ 1/3, ಯಾ = 1 ಆದಾಗ 3 ದೊರೆಯುತ್ತದೆ. ಕಾ = 1 ಆದಾಗ ಸಮೀಕರಣವು ವರ್ಗಸಮೀಕರಣವಾಗಿ ಉಳಿಯದಾದ್ದರಿಂದ ಅದನ್ನು ಪ್ರತ್ಯೇಕವಾಗಿ ನೋಡಬೇಕು; ಆಗ ಯಾ = 0, ಆದ್ದರಿಂದ 1 ಕೂಡ ವ್ಯಾಪ್ತಿಯಲ್ಲಿದೆ.

ಶೋಧಕವೊಂದನ್ನೇ ನಂಬುವವರು ಎಡವುವುದು ಇಂಥಲ್ಲಿ: ಕಾ = (ಯಾ² − 1) / (ಯಾ − 1). ಇದರ ಶೋಧಕ (ಕಾ − 2)². ಅದು ಎಂದೂ ಋಣವಲ್ಲ. ಎಲ್ಲ ಬೆಲೆಗಳೂ ಬರುವಂತೆ ತೋರುತ್ತದೆ. ಆದರೆ ಕಾ = 2 ಆಗಲು ಯಾ = 1 ಆಗಬೇಕು, ಆಗ ಛೇದವೇ ಸೊನ್ನೆ. ಆದ್ದರಿಂದ 2 ವ್ಯಾಪ್ತಿಗೆ ಸೇರದು. ಸೂತ್ರವು ದಾರಿ ತೋರಿಸುತ್ತದೆ. ದೊರೆತ ಉತ್ತರವನ್ನು ಮೂಲ ಭಿನ್ನರಾಶಿಯಲ್ಲಿಟ್ಟು ಪರೀಕ್ಷಿಸುವ ಹೊಣೆ ಮಾತ್ರ ನಮ್ಮದೇ.